ಊರಿನ ಮೇಲೆ ಕಾಲಿಡುವ ವಿಧಾನ

ಎಲ್ಲವನ್ನೂ ಬರೆದಿಟ್ಟುಕೊಳ್ಳುವವರಿಗೆ ಒಂದು ಭ್ರಮೆ ಇರುತ್ತದೆ. ಬರೆದಿಟ್ಟದ್ದು ಕೈಮೀರಿ ಹೋಗುವುದಿಲ್ಲ ಎಂಬ ಭ್ರಮೆ. ನನಗೂ ಇದೆ. ತಾರೀಖು ಹಾಕದೆ ನಾನು ಒಂದು ಪುಟವನ್ನೂ ಬರೆದವಳಲ್ಲ. ಬಸ್ಸು ಎಷ್ಟು ತಡವಾಗಿ ಬಂತು, ಸಭೆಗೆ ಎಷ್ಟು ಜನ ಬಂದರು, ಅವರಲ್ಲಿ ಚಹಾ ಬರುವ ಮೊದಲೇ ಎದ್ದು ಹೋದವರೆಷ್ಟು, ಚಹಾ ಕುಡಿದು ಎದ್ದು ಹೋದವರೆಷ್ಟು, ಎಲ್ಲಕ್ಕೂ ನನ್ನ ಡೈರಿಯಲ್ಲಿ ಗೆರೆ ಎಳೆದ ಲೆಕ್ಕವಿದೆ. ಎರಡನೆಯ ಪಂಗಡವೇ ಯಾವಾಗಲೂ ದೊಡ್ಡದು. ಭಟ್ಕಳದ ಪಕ್ಕದ ಮುಟ್ಟಳ್ಳಿಯ ನಮ್ಮ ಮನೆಯಲ್ಲಿ ತೆಂಗಿನಕಾಯಿ ಕೊಯ್ಯುವ ದಿನ ಮಾತ್ರ ಅಮ್ಮ ಇದನ್ನು ಗುಣವೆಂದು ಒಪ್ಪುತ್ತಾಳೆ. ಉಳಿದ ದಿನಗಳಲ್ಲಿ ಅದು ಕಾಯಿಲೆ.

ಈ ಕಾಯಿಲೆಯ ಬಲದಿಂದಲೇ ನನಗೆ ಒಂದು ವರ್ಷದ ಫೆಲೋಶಿಪ್ ಸಿಕ್ಕಿತು. ಭಟ್ಕಳದಿಂದ ದಿನಾ ಬಸ್ಸಿನಲ್ಲಿ ಹೊನ್ನಾವರಕ್ಕೆ ಹೋಗಿ, ಅಲ್ಲಿಂದ ಗೇರುಸೊಪ್ಪ ರಸ್ತೆಯ ಒಂದು ಪಂಚಾಯಿತಿಯಲ್ಲಿ ಕೂತು, ಊರಿಗೆ ಏನು ಬೇಕೆಂಬುದನ್ನು ಊರವರ ಬಾಯಿಂದಲೇ ಕೇಳಿ ಯೋಜನೆ ತಯಾರಿಸಲು ನೆರವಾಗುವುದು ಕೆಲಸ. ಹೆಸರಿಗೆ ಸೇವೆ, ತಿಂಗಳಿಗೊಮ್ಮೆ ಗೌರವಧನ. ಅಮ್ಮನಿಗೆ ಇದು ಕೊನೆಯವರೆಗೂ ಬಗೆಹರಿಯಲಿಲ್ಲ. "ಸೇವೆ ಆದ್ರೆ ದುಡ್ಡು ಎಂತಕ್ಕೆ? ಕೆಲಸ ಆದ್ರೆ ಒಂದೇ ವರ್ಷ ಎಂತಕ್ಕೆ?" ಎಂದು ಕೇಳುತ್ತಿದ್ದಳು. ಮದುವೆಗೆ ಹೋದಲ್ಲಿ ನೆಂಟರು ವಿಚಾರಿಸಿದರೆ ಮಾತ್ರ ಗಂಟಲು ಸರಿಮಾಡಿಕೊಂಡು, "ಪಂಚಾಯಿತಿಯವ್ರಿಗೆ ಬುದ್ಧಿ ಹೇಳೂ ಕೆಲಸ" ಎನ್ನುತ್ತಿದ್ದಳು. ಬುದ್ಧಿ ಹೇಳುವುದಕ್ಕೆ ಸಂಬಳ ಕೊಡುವುದಾದರೆ ನಮ್ಮೂರಿನಲ್ಲಿ ಬಡವರೇ ಇರುತ್ತಿರಲಿಲ್ಲ.

ತರಬೇತಿಯಲ್ಲಿ ನಮಗೆ ಒಂದು ವಿಧಾನ ಕಲಿಸಿದ್ದರು. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರವರೇ ಊರಿನ ನಕ್ಷೆ ಬಿಡಿಸಬೇಕು. ಆಮೇಲೆ ಅದರೊಳಗೆ ನಡೆದಾಡಿ, ತಮಗೆ ಯಾವುದು ಎಲ್ಲಿ ಬೇಕೋ ಅಲ್ಲಿ ತಲೆಗೊಂದು ಹುಣಸೆ ಬೀಜ ಇಡಬೇಕು. ಹೆಚ್ಚು ಬೀಜ ಬಿದ್ದದ್ದು ಯೋಜನೆಯಲ್ಲಿ ಮೊದಲು. ಎಣಿಕೆಯೇ ತೀರ್ಪು ಎಂದಾಗ ನನಗಾದ ಸಂತೋಷವನ್ನು ಹೇಳಲಾರೆ. ಬೀಜಗಳನ್ನು ಮನೆಯಿಂದಲೇ ತೊಳೆದು ಒಣಗಿಸಿ ಒಯ್ದೆ.

ನಾನು ತಲುಪುವಷ್ಟರಲ್ಲಿ ಹೆಂಗಸರು ಪಂಚಾಯಿತಿ ಅಂಗಳವನ್ನು ಗುಡಿಸಿ ಸೆಗಣಿ ಸಾರಿಸಿದ್ದರು. ಇದು ವಿಧಾನದಲ್ಲಿ ಇರಲಿಲ್ಲ. ಹಳ್ಳದಾಚೆಯ ಕೇರಿಯ ದೇವಕ್ಕ ಪುಡಿಯ ಮೊದಲ ಗೆರೆ ಎಳೆದಳು. ದೇವಕ್ಕ ತರಕಾರಿ ಬೆಳೆದು ಹೊನ್ನಾವರದ ಸಂತೆಗೆ ಒಯ್ಯುವವಳು, ಸುಗ್ಗಿಯ ಹಾಡು ಹೇಳುವವಳು, ಯಾರ ಮುಲಾಜೂ ಇಲ್ಲದವಳು. ನೋಡುನೋಡುತ್ತಿದ್ದಂತೆ ಹೊಳೆ, ಗದ್ದೆ, ಶಾಲೆ, ದೇವರ ಬನ, ನಡುವೆ ಊರನ್ನು ಎರಡು ಮಾಡುವ ಹಳ್ಳ, ಹಳ್ಳ ದಾಟಲು ಎರಡು ಮರದ ದಿಮ್ಮಿಯ ಸಂಕ, ಎಲ್ಲ ಮೂಡಿದವು. ಒಬ್ಬಳಂತೂ ತನ್ನ ಮನೆಯೊಳಗೆ ಒಲೆಯನ್ನೂ ಬರೆದಳು. ಅಷ್ಟು ಚೆಂದದ ಊರನ್ನು ನಾನು ನೋಡಿರಲಿಲ್ಲ. ದಿನಾ ಆ ಊರಿಗೇ ಹೋಗುತ್ತಿದ್ದರೂ ನೋಡಿರಲಿಲ್ಲ.

"ಈಗ ಎಲ್ಲರೂ ಒಳಗೆ ಬನ್ನಿ" ಎಂದೆ. ಯಾರೂ ಕದಲಲಿಲ್ಲ.

"ಹೋಯ್ ತಂಗಿ, ಊರಿನ ಮೇಲೆ ಕಾಲಿಡೂದೆ?" ಎಂದಳು ದೇವಕ್ಕ. "ದೇವ್ರ ಬನ ಉಂಟು, ಗದ್ದೆ ಉಂಟು, ಇವಳ ಒಲೆ ಉಂಟು. ಮೆಟ್ಟಿ ಅಂತ್ಯಲ್ಲ, ಓದಿದವಳಲ್ದ ನೀನು?"

"ಚಪ್ಪಲಿ ಬಿಟ್ಟು ಬಂದ್ರೆ?"

"ಚಪ್ಪಲಿ ಬಿಟ್ರೆ ಕಾಲು ಕೈ ಆತದ್ಯಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ವಿಧಾನದ ಹಾಳೆ ತಿರುವಿ ಹಾಕುತ್ತ. ಕೊನೆಗೆ ಅಂಚಿನಲ್ಲೇ ನಿಂತು ಕೈ ಚಾಚಿ ಬೀಜ ಇಡುವುದೆಂದಾಯಿತು. ಕೈಗೆ ಎಟುಕಿದ್ದು ಅಂಚಿನಲ್ಲಿದ್ದವು ಮಾತ್ರ: ಪಂಚಾಯಿತಿಯ ಕಂಪೌಂಡು, ಸ್ಮಶಾನದ ರಸ್ತೆ, ಬಸ್ ನಿಲ್ದಾಣ. ಬೆನ್ನು ಬಗ್ಗದವರು ಕಾಲ ಬುಡದಲ್ಲೇ ಬಿಟ್ಟರು, ಅದೂ ಬಸ್ ನಿಲ್ದಾಣವೇ. ಊರಿನ ಉದ್ದಗಲ ನಿಸ್ಸಂಕೋಚವಾಗಿ ನಡೆದಾಡಿದ್ದು ಒಂದು ಹೇಂಟೆ ಮಾತ್ರ. ಅದು ಸ್ಮಶಾನದ ರಸ್ತೆಯ ಒಂದು ಬೀಜವನ್ನು ಕುಕ್ಕಿ ನೋಡಿ ಬಿಟ್ಟಿತು. ದೇವಕ್ಕ ಗುರಿಯಿಟ್ಟು ತನ್ನ ಬೀಜವನ್ನು ಸಂಕದ ಮೇಲೆ ಎಸೆದಳು. ಅದು ಪುಟಿದು ಉರುಳಿ ಬಸ್ ನಿಲ್ದಾಣ ಸೇರಿತು.

"ಅದು ಸಂಕದ್ದು. ಹಂಗೇ ಬರ್ಕೊ ತಂಗಿ" ಎಂದಳು. ಆಗ ಅವಳು ನಗುತ್ತಿರಲಿಲ್ಲ.

ಅವಳ ಗಂಡ ಮಂಜಣ್ಣನ ಮೂತ್ರಪಿಂಡಗಳು ಕೆಟ್ಟಿದ್ದವು. ವಾರಕ್ಕೆರಡು ಸಲ ಕುಮಟೆಯ ಆಸ್ಪತ್ರೆಗೆ ಡಯಾಲಿಸಿಸ್ಸಿಗೆ ಹೋಗಬೇಕು. ಕೇರಿಯ ಗಂಡಸರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನನ್ನು ಕೂರಿಸಿ ದಿಮ್ಮಿಯ ಮೇಲೆ ದಾಟಿಸುತ್ತಿದ್ದರು. ಮಳೆಗಾಲದಲ್ಲಿ ಆ ದಿಮ್ಮಿಗಳ ಮೇಲೇ ನೀರು ಹರಿಯುತ್ತದೆ. "ಹಿಡಿಕೊಳ್ಳೂಕೆ ಒಂದು ಕಂಬಿ ಇರೂ ಸಂಕ ಆದ್ರೆ ಅವ್ರೇ ನಡೀತ್ರು. ಮಳೆಯೊಳಗೆ ಆಗ್ಲಿಲ್ಲ ಅಂದ್ರೆ ನಾವು ಮನೆ ಬಿಡೂದೇ" ಎಂದಳು ದೇವಕ್ಕ.

ನಾನು ಪಿಡಿಒ ಸಾಹೇಬರ ಹತ್ತಿರ ಹೋದೆ. ಪಂಚಾಯಿತಿಯ ಅಧಿಕಾರಿ ಅವರೇ. ಒಳ್ಳೆಯ ಮನುಷ್ಯ, ಸದಾ ಎರಡು ಮೀಟಿಂಗುಗಳ ನಡುವೆ ಇರುವವರು. ಬೀಜ ಬಿದ್ದ ಬಗೆಯನ್ನೆಲ್ಲ ವಿವರಿಸಿದೆ. ಅವರು ಕನ್ನಡಕ ತೆಗೆದರು. "ಮೇಡಂ, ವಿಧಾನ ತಂದವರು ನೀವು. ಎಣಿಸಿದವರೂ ನೀವು. ಬೀಜ ಸುಳ್ಳು ಹೇಳ್ತದೆ ಅಂತ ನಾನು ಮೇಲೆ ಬರೀಲಾ?" ಎಂದರು. ಮುಂದಿನ ಸಲ ಮಳೆ ಕಳೆದ ಮೇಲೆ ಮತ್ತೆ ನಕ್ಷೆ ಬಿಡಿಸುವಾ ಎಂದು ಸಮಾಧಾನ ಹೇಳಿದರು. ಗ್ರಾಮಸಭೆಯಲ್ಲಿ ದೇವಕ್ಕ ಎದ್ದು ನಿಂತು ಸಂಕ ಕೇಳಿದಳು, ನಾನೂ ಎದ್ದು ನಿಂತೆ. ಪಟ್ಟಿ ಅಷ್ಟರಲ್ಲಿ ಆಗಿಹೋಗಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರುವ ಆ ಊರಿನ ಒಂದೇ ಬಸ್ಸಿಗೆ ಈಗ ಎರಡು ತಂಗುದಾಣಗಳಿವೆ.

ಮಳೆಗೆ ಮೊದಲೇ ದೇವಕ್ಕ ಗಂಡನನ್ನು ಕರೆದುಕೊಂಡು ಕುಮಟೆಯಲ್ಲಿ ಬಾಡಿಗೆಯ ಕೋಣೆ ಸೇರಿದಳು. ಮಂಜಣ್ಣ ಆ ಕೋಣೆಯಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಮಲಗುತ್ತಿದ್ದನಂತೆ. ಕಿಟಕಿಯಾಚೆ ಇನ್ನೊಂದು ಮನೆಯ ಗೋಡೆ. ಶ್ರಾವಣದಲ್ಲಿ ತೀರಿಕೊಂಡ. ಸುದ್ದಿ ನನಗೆ ಒಂದು ಮೀಟಿಂಗಿನ ಚಹಾದ ಹೊತ್ತಿಗೆ ತಿಳಿಯಿತು. ಆ ದಿನದ ಡೈರಿಯಲ್ಲಿ ತಾರೀಖು ಮಾತ್ರ ಇದೆ.

ಅಂಗಳ ಒಣಗಿದ ಮೇಲೆ ಎರಡನೆಯ ನಕ್ಷೆಯ ದಿನ ಬಂತು. ಈ ಸಲ ಬೀಜವನ್ನು ನಡುವಿಗೆ ತಳ್ಳಲೆಂದು ನಾನು ಉದ್ದನೆಯ ಕೊಕ್ಕೆಯನ್ನೇ ಒಯ್ದಿದ್ದೆ, ಮಾವಿನಕಾಯಿ ಕೊಯ್ಯುವಂಥದ್ದು. ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೂ ಟಿಕೆಟು ತೆಗೆಸುವ ಮಾತಾಡಿದ. ಅದರ ಅಗತ್ಯವೇ ಬೀಳಲಿಲ್ಲ. ಹೆಂಗಸರು ಬೆಳಿಗ್ಗೆಯೇ ಊರು ಬರೆದು ಮುಗಿಸಿದ್ದರು. ಅಂಚಿನಿಂದ ಸಂಕದವರೆಗೆ ಒಂದು ಪಾದದಗಲ ಪುಡಿ ಹಾಕದೆ ದಾರಿ ಬಿಟ್ಟಿದ್ದರು.

"ನಾವೇ ಜಾಗ ಬಿಟ್ರೆ ಊರು ಮೆಟ್ಟಿದಂಗೆ ಆಗೂದಿಲ್ಲ, ಅಲ್ದ?" ಎಂದಳು ಒಲೆ ಬರೆದವಳು.

ಅದೇ ಹೊತ್ತಿಗೆ ದೇವಕ್ಕ ಗೇಟಿನೊಳಗೆ ಬಂದಳು. ಅವಳು ನಕ್ಷೆಗೆ ಬಂದವಳಲ್ಲ. ಗಂಡನ ಹೆಸರನ್ನು ರೇಷನ್ ಕಾರ್ಡಿನಿಂದ ತೆಗೆಸಲು ಯಾರನ್ನು ಕಾಣಬೇಕೆಂದು ಕೇಳಲು ಕುಮಟೆಯಿಂದ ಬಂದವಳು. ಹೆಂಗಸರು ಅವಳ ಕೈಗೆ ಬೀಜ ಕೊಟ್ಟು, "ನೀ ಮೊದಲು" ಎಂದರು. ದೇವಕ್ಕ ಸೆರಗು ಎತ್ತಿ ಹಿಡಿದು, ಆ ಸಪೂರ ದಾರಿಯಲ್ಲಿ ಒಂದರ ಮುಂದೊಂದು ಪಾದ ಇಡುತ್ತ ಹೋಗಿ, ಸಂಕದ ಮೇಲೆ ಬೀಜ ಇಟ್ಟಳು. ಅವಳ ಹಿಂದೆ ಎಲ್ಲರೂ ಹೋದರು. ಸಂಕ ಬೀಜದಲ್ಲಿ ಮುಚ್ಚಿಹೋಯಿತು.

"ಈ ಸಲ ಮೊದಲನೇ ನಂಬರು ಮೇಡಂ" ಎಂದು ಪಿಡಿಒ ಸಾಹೇಬರು ನನ್ನ ಕೈಕುಲುಕಿದರು. ದೇವಕ್ಕನ ಕಡೆ ನೋಡಿ ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

ಸಂಜೆ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೊನ್ನಾವರಕ್ಕೆ ಬಂದೆವು. ದಾರಿಯುದ್ದಕ್ಕೂ ಸಾಂತ್ವನದ ಒಂದು ವಾಕ್ಯ ಕಟ್ಟುತ್ತಿದ್ದೆ. ಬಸ್ ನಿಲ್ದಾಣ ಬಂದರೂ ಅದು ಮುಗಿಯಲಿಲ್ಲ.

"ನಿನ್ನ ವರ್ಷ ಯಾವಾಗ ಮುಗೀತದೆ?" ದೇವಕ್ಕನೇ ಕೇಳಿದಳು.

"ಈ ತಿಂಗಳಿಗೆ."

"ಮುಂದೆ ಎಂತ ಮಾಡೂದು ಅಂತ ಮಾಡಿದ್ಯೆ?"

ಒಂದಿಡೀ ಊರಿಗೆ ಯೋಜನೆ ಬರೆದವಳು ನಾನು. "ಎಂತದೂ ಇಲ್ಲ ದೇವಕ್ಕ" ಎಂದೆ.

"ನಂಗೂ ಇಲ್ಲ" ಎಂದಳು. ಕುಮಟೆ ಬಸ್ಸಿನ ಕಡೆ ತಿರುಗಿದಳು. "ಒಬ್ಬಳಿಗೇ ಅನ್ನ ಬೇಯಿಸೂಕೆ ನಂಗೆ ಅಂದಾಜೇ ಸಿಗೂದಿಲ್ಲ ತಂಗಿ. ದಿನಾ ಉಳೀತದೆ. ಬಾ, ಉಂಡ್ಕೊಂಡು ಹೋಗು."

ದಕ್ಷಿಣಕ್ಕೆ, ಭಟ್ಕಳಕ್ಕೆ ಹೋಗಬೇಕಾದವಳು ಕೊಕ್ಕೆ ಹಿಡಿದುಕೊಂಡು ಉತ್ತರದ ಕುಮಟೆ ಬಸ್ಸು ಹತ್ತಿದೆ. ಫೆಲೋಗಳು ಪ್ರತಿ ಪ್ರಯಾಣದ ಉದ್ದೇಶವನ್ನು ವರದಿಯಲ್ಲಿ ಬರೆಯಬೇಕು. ನಾನು 'ಊಟ' ಎಂದು ಬರೆದೆ. ಇದು ಯೋಜನಾ ಕಾರ್ಯಕ್ಕೆ ಹೇಗೆ ಸಂಬಂಧಿಸಿದ್ದೆಂದು ಈಗ ಮೇಲಿನವರು ವಿವರಣೆ ಕೇಳಿದ್ದಾರೆ. ಎರಡು ಸಾಲಿನಲ್ಲಿ ಬರೆದರೆ ಸಾಕಂತೆ.