ಅತ್ತೆಯ ಫೋನಿಗೆ ಬಟನ್ನೋ ಟಚ್ಚೋ?

ಅತ್ತೆ: ಬೆರಳು ಎಲ್ಲಿಡ್ಲಿ ಅಂತ ಕೇಳಿದ್ರೆ ಎಲ್ಲಿ ಬೇಕಾದ್ರೂ ಇಡು ಅಂತೀಯಲ್ಲೋ! ಎಲ್ಲಿ ಬೇಕಾದ್ರೂ ಇಡೋಕೆ ಇದೇನು ಕಿಟಕಿ ಕಟ್ಟೆನಾ?

ಗಂಡ: ಅಮ್ಮಾ, ಇದು ಟಚ್ ಫೋನು. ಇಡೀ ಸ್ಕ್ರೀನೇ ಬಟನ್ನು.

ಅತ್ತೆ: ಇಡೀ ಸ್ಕ್ರೀನೇ ಬಟನ್ನಾದ್ರೆ ಹಿಡ್ಕೊಳ್ಳೋದು ಎಲ್ಲಿ?

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಸೊಸೆಗೆ ನಗು ಬಂದರೂ ಮಗುವಿನ ಬೆನ್ನು ತಟ್ಟುವ ನೆಪದಲ್ಲಿ ಮುಖ ಆಚೆ ತಿರುಗಿಸಿಕೊಂಡಳು. ತಾಯಿ ಮಗನ ನಡುವೆ ಈಗಲೇ ನಕ್ಕುಬಿಟ್ಟರೆ ಯಾರ ಪಕ್ಷ ಅಂತ ಲೆಕ್ಕವಾಗುತ್ತದೆ.

ಅತ್ತೆ ಅರ್ಧ ಆಯುಸ್ಸು ಟೈಪಿಂಗ್ ಕಲಿಸಿದವರು. ಕಣ್ಣು ಕಾಗದದ ಮೇಲಿರಬೇಕು, ಬೆರಳಿಗೆ ತನ್ನ ಮನೆ ತಾನಾಗಿಯೇ ಗೊತ್ತಿರಬೇಕು ಎನ್ನುವುದು ಅವರ ಶಾಸ್ತ್ರ. ಕೀಲಿ ನೋಡಿಕೊಂಡು ಟೈಪ್ ಮಾಡುವವರನ್ನು ಕಂಡರೆ ಇವತ್ತಿಗೂ ಅವರ ಕೈ ಪೆನ್ಸಿಲ್ ಹುಡುಕುತ್ತದೆ, ಗೆಣ್ಣಿಗೆ ತಟ್ಟಲು. ಗಂಡನದು ಲಿಫ್ಟ್ ರಿಪೇರಿಯ ಕೆಲಸ. ಜನ ಕುಟ್ಟಿ ಕುಟ್ಟಿ ಒಳಗೆ ನೂಕಿಬಿಟ್ಟ ಬಟನ್ನುಗಳನ್ನು ಹೊರಗೆಳೆಯುವುದರಲ್ಲೇ ಅವನ ದಿನ ಕಳೆಯುತ್ತದೆ. ಹಾಗಾಗಿ ಬಟನ್ ಅಂದರೆ ಅವನಿಗೆ ಆಗದು.

ಸೊಸೆಗೆ ಮಾತ್ರ ಶಾಸ್ತ್ರವೂ ಬೇಡ, ಸಿಟ್ಟೂ ಬೇಡ. ನಾಳೆ ಬೆಳಿಗ್ಗೆ ಅವಳು ರಕ್ತಪರೀಕ್ಷೆಯ ಲ್ಯಾಬಿಗೆ ವಾಪಸ್ ಕೆಲಸಕ್ಕೆ ಹೋಗಬೇಕು. ಹುಟ್ಟಿದಂದಿನಿಂದ ಒಂದು ಗಳಿಗೆ ಬಿಟ್ಟಿರದ ಮಗು ಗುಂಡನನ್ನು ಅತ್ತೆಯ ಕೈಯಲ್ಲಿ ಬಿಟ್ಟು ಹೋಗಬೇಕು. ಗುಂಡ ಅತ್ತರೆ ತಕ್ಷಣ ತನಗೆ ಫೋನು ಬರಬೇಕು. ಅದೊಂದು ಇವತ್ತು ಸಂಜೆಯೊಳಗೆ ಸರಿಹೋದರೆ ಸಾಕು.

ಸೊಸೆ: ರೀ, ವಾದ ಆಮೇಲೆ ಮಾಡಿ. ಅತ್ತೆ ನನಗೆ ಹೇಗೆ ಕಾಲ್ ಮಾಡ್ಬೇಕು, ಅದನ್ನ ಮೊದಲು ತೋರ್ಸಿ.

ಗಂಡ: ತೋರಿಸ್ತಿದೀನಿ ತಾನೆ? ನೋಡಮ್ಮ, ಸ್ಕ್ರೀನ್ ಮೇಲೆ ಗುಂಡನ ಫೋಟೋ ಇದೆಯಲ್ಲ, ಕೆಳಗಿಂದ ಮೇಲಕ್ಕೆ ಮೆತ್ತಗೆ ಸವರು.

ಅತ್ತೆ ಸವರಿದರು. ಆದರೆ ಅವರು ಸವರಿದ್ದು ಸ್ಕ್ರೀನನ್ನಲ್ಲ, ಮೊಮ್ಮಗನ ಕೆನ್ನೆಯನ್ನು. ಬೆರಳು ಅಡ್ಡಡ್ಡ ಹೋಯಿತು. ಗುಂಡ ಮಾಯವಾಗಿ ಒಂದು ಗಲ್ಲ, ಎರಡು ಮೂಗಿನ ಹೊಳ್ಳೆ ಕಾಣಿಸಿಕೊಂಡವು.

ಅತ್ತೆ: ಅಯ್ಯೋ! ಯಾರೋ ಇದು ಮುದುಕಿ?

ಗಂಡ: ನೀನೇ ಅಮ್ಮ. ಕ್ಯಾಮೆರಾ ತೆಗೆದುಬಿಟ್ಟೆ.

ಅತ್ತೆ: ನಾನೆಲ್ಲಿ ತೆಗೆದೆ? ಮಗು ಕೆನ್ನೆ ಮುಟ್ಟಿದೆ ಅಷ್ಟೆ. ಮಗೂನ ಸರಿಸಿ ನನ್ನ ಮೂಗು ತೋರ್ಸು ಅಂತ ಅದಕ್ಕೆ ಯಾರು ಹೇಳಿದ್ರು?

ಗಂಡ: ಮೇಲಕ್ಕೆ ಅಂದ್ರೆ ಮೇಲಕ್ಕೆ ಸವರಬೇಕು.

ಅತ್ತೆ: ಕೆನ್ನೆನ ಯಾರಾದ್ರೂ ಮೇಲಕ್ಕೆ ಸವರ್ತಾರೇನೋ? ನಿನ್ನ ಕೆನ್ನೆನ ನಾನು ಯಾವತ್ತಾದ್ರೂ ಹಾಗೆ ಸವರಿದ್ದೀನಾ?

ಗಂಡ: ನನ್ನ ಕೆನ್ನೆಗೆ ನೀನು ಮಾಡಿದ್ದು ಸವರೋದಲ್ಲ ಬಿಡಮ್ಮ.

ಅವನು ಸೆಟ್ಟಿಂಗ್ಸ್ ಬದಲಿಸಿ, ಗುಂಡನ ಫೋಟೋದ ಕೆಳಗೇ ಹೆಂಡತಿಯ ಫೋಟೋವನ್ನೂ ದೊಡ್ಡದಾಗಿ ಇಟ್ಟುಕೊಟ್ಟ. ಅದನ್ನು ಮುಟ್ಟಿದರೆ ನೇರ ಕಾಲ್. ಇದಕ್ಕಿಂತ ಸುಲಭ ಇನ್ನೇನಿದೆ? ಅತ್ತೆ ಬೆನ್ನು ನೆಟ್ಟಗೆ ಮಾಡಿ, ಕುರ್ಚಿ ಸರಿಮಾಡಿಕೊಂಡು, ಕಣ್ಣನ್ನು ಸೊಸೆಯ ಹೆಗಲ ಮೇಲಿದ್ದ ಮಗುವಿನ ಮೇಲಿಟ್ಟು, ಬೆರಳನ್ನು ಟಕ್ ಎಂದು ಇಳಿಸಿದರು. ಟಾರ್ಚ್ ಹೊತ್ತಿಕೊಂಡಿತು. ಮತ್ತೆ ಟಕ್. ನಾಳೆಯ ಹವಾಮಾನ ಬಂತು.

ಗಂಡ: ಅಮ್ಮಾ, ಫೋನ್ ನೋಡಿ ಒತ್ತು!

ಅತ್ತೆ: ನಾನು ಫೋನ್ ನೋಡ್ತಾ ಕೂತ್ರೆ ಮಗೂನ ಯಾರು ನೋಡ್ತಾರೆ? ನಿಮ್ಮ ಹವಾಮಾನದೋರಾ?

ಸೊಸೆ ಇಷ್ಟು ಹೊತ್ತು ಬಿಗಿಹಿಡಿದಿದ್ದ ನಗು ಹೊರಗೆ ಬಂದೇಬಿಟ್ಟಿತು.

ಸೊಸೆ: ಅತ್ತೆ ಹೇಳೋದು ಸರಿ ಕಣ್ರೀ. ನೋಡದೇನೇ ಕೈಗೆ ಸಿಗೋ ಹಾಗಿರ್ಬೇಕು. ಪಕ್ಕದಲ್ಲಿ ಬಟನ್ ಇದೆಯಲ್ಲ, ಅದಕ್ಕೇ ಹಾಕಿ.

ಗಂಡ: ನೀನೂ ಸೇರ್ಕೊಂಡ್ಯಾ ಅಮ್ಮನ ಜೊತೆ? ಬಟನ್ ಕಥೆ ನಿನಗೇನು ಗೊತ್ತು? ದೀಪ ಹತ್ತಿರುತ್ತೆ, ಲಿಫ್ಟು ಬರ್ತಾ ಇರುತ್ತೆ, ಆದ್ರೂ ಬಂದೋರೆಲ್ಲ ಒಂದೊಂದ್ಸಲ ಒತ್ತಲೇಬೇಕು. ಹಿಂದಿನವನು ಒತ್ತಿದ್ದು ಒತ್ತಿದ ಹಾಗಲ್ಲ! ಬಟನ್ನಿಗಿಂತ ಬೇಗ ಕೆಡೋ ವಸ್ತು ಲೋಕದಲ್ಲೇ ಇಲ್ಲ.

ಅತ್ತೆ: ಕೆಡದೇ ಇದ್ರೆ ನಿನ್ನನ್ನ ಯಾರು ಕೆಲಸಕ್ಕೆ ಇಟ್ಕೊತಿದ್ರು? ಬಟನ್ ಅನ್ನ ಹಾಕ್ತಿದೆ, ಬಾಯಿಗೆ ಬಂದ ಹಾಗೆ ಅನ್ಬೇಡ ಅದನ್ನ.

ಅನ್ನದ ಮಾತು ಬಂದ ಮೇಲೆ ಅವನು ಫೋನು ಕೈಗೆತ್ತಿಕೊಂಡ. ಸದ್ದು ತಗ್ಗಿಸುವ ಬಟನ್ನನ್ನು ಒತ್ತಿ ಹಿಡಿದರೆ ಹೆಂಡತಿಗೆ ಕಾಲ್ ಹೋಗುವಂತೆ ಮಾಡಿ ಫೋನನ್ನು ತಾಯಿಯ ಮುಂದೆ ಇಟ್ಟ. ಅತ್ತೆ ಕಣ್ಣು ಮುಚ್ಚಿ ಅಂಚು ತಡವಿದರು. ಒಂದು ಉಬ್ಬು ಸಿಕ್ಕಿತು, ಅದರ ಕೆಳಗೆ ಇನ್ನೊಂದು. ಮುಖ ಅರಳಿತು.

ಅತ್ತೆ: ಹಾಂ! ಇದು ಮರ್ಯಾದಸ್ಥರ ವಸ್ತು. ಬೆರಳಿಗೆ ಸಿಗುತ್ತೆ.

ಹೇಳಿದ್ದೇ ತಡ, ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಎತ್ತಿಕೊಂಡಿದ್ದು ಟೈಪಿಂಗ್ ಮೇಷ್ಟ್ರ ಹಾಗೆಯೇ. ಎಡಗೈಯ ನಾಲ್ಕು ಬೆರಳು ಎಡ ಅಂಚಿಗೆ, ಬಲಗೈಯ ನಾಲ್ಕು ಬಲ ಅಂಚಿಗೆ, ಎಂಟೂ ಸಾಲಾಗಿ, ಎಂಟೂ ಸಿದ್ಧ. ಸೊಸೆಯ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

ಸೊಸೆ: ಬಂತು, ಬಂತು ಅತ್ತೆ!

ಅತ್ತೆ: ನಾನಿನ್ನೂ ಮಾಡೇ ಇಲ್ವಲ್ಲೇ.

ಕಟ್ ಮಾಡಿದರೆ ಮತ್ತೆ ಬಂತು. ಅದರ ಜೊತೆಗೆ ಅತ್ತೆಯ ಫೋನು ಕಚಕ್, ಕಚಕ್ ಎಂದು ಸದ್ದು ಮಾಡತೊಡಗಿತು. ಗಂಡ ಕಸಿದುಕೊಂಡು ನೋಡಿದ.

ಗಂಡ: ಅಮ್ಮಾ! ಎರಡು ಕಡೆ ಬಟನ್ನೂ ಒಟ್ಟಿಗೆ ಅದುಮ್ತಿದೀಯ. ಸ್ಕ್ರೀನನ್ನೇ ಫೋಟೋ ಹೊಡೀತಿದೆ. ಈಗ ನೋಡು, ಇದರೊಳಗೆ ಹದಿನೇಳು ಗುಂಡ ಇದಾನೆ.

ಅತ್ತೆ: ಇರ್ಲಿ ಬಿಡು. ಮನೆ ತುಂಬಿದ ಹಾಗಿರುತ್ತೆ.

ಸೊಸೆ: ಹದಿನೇಳು ಅಂದ್ರೆ ನಾನು ಕೆಲಸಕ್ಕೆ ಹೋಗಲ್ಲಪ್ಪ, ಇಲ್ಲೇ ಸತ್ತೋಗ್ತೀನಿ.

ಗಂಡ: ಅಮ್ಮಾ, ಫೋನನ್ನ ಒಂದು ಕೈಲಿ, ಸುಮ್ನೆ ಮನುಷ್ಯರ ಹಾಗೆ ಹಿಡ್ಕೋ ನೋಡೋಣ.

ಅತ್ತೆ: ನಾಲ್ಕು ಬೆರಳಿಗೆ ಕೆಲಸ ಕೊಟ್ಟು ನಾಲ್ಕನ್ನ ಸೋಮಾರಿ ಮಾಡಿ ಕೂರಿಸ್ಲಾ? ನಾನು ಯಾರಿಗೂ ಹಾಗೆ ಕಲಿಸಿಲ್ಲ.

ಕೊನೆಗೆ ಗಂಡ ಸೋತ. ಫೋನು ಚಾಲೂ ಮಾಡುವ ಬಟನ್ನನ್ನು ಮೂರು ಸಲ ಬೇಗ ಬೇಗ ಒತ್ತಿದರೆ ಮಾತ್ರ ಹೆಂಡತಿಗೆ ಕಾಲ್ ಹೋಗುವಂತೆಯೂ, ರಿಂಗಾಗುವಾಗ ಅದನ್ನೇ ಒಂದು ಸಲ ಒತ್ತಿದರೆ ಸದ್ದು ನಿಲ್ಲುವಂತೆಯೂ ಮಾಡಿಕೊಟ್ಟ. ಹಿಡಿದುಕೊಂಡ ಮಾತ್ರಕ್ಕೆ ಯಾರೂ ಮೂರು ಸಲ ಒತ್ತುವುದಿಲ್ಲವಲ್ಲ.

ಸೊಸೆ: ಪರೀಕ್ಷೆ ಮಾಡ್ಬಿಡೋಣ. ನಾನು ಕೆಳಗೆ ಬೀದಿ ತನಕ ಹೋಗಿರ್ತೀನಿ. ನಾನಿಲ್ಲ ಅಂತ್ಲೇ ತಿಳ್ಕೊಳ್ಳಿ ಅತ್ತೆ. ಅವನು ಅತ್ತ ಕೂಡ್ಲೇ ಕಾಲ್ ಮಾಡಿ. ರೀ, ನೀವು ಕೈ ಹಾಕೋ ಹಾಗಿಲ್ಲ.

ಗಂಡ: ನನ್ನ ಕೈಯಿಂದ ಇವತ್ತು ಆಗಿದ್ದು ಸಾಕಾಗಿದೆ, ಹೋಗು.

ಗುಂಡನನ್ನು ಅತ್ತೆಯ ತೊಡೆಗೆ ದಾಟಿಸಿ ಅವಳು ಮೆಟ್ಟಿಲಿಳಿದಳು. ಎದುರಿನ ಔಷಧಿ ಅಂಗಡಿಯ ಮುಂದೆ ಫೋನು ಕೈಯಲ್ಲೇ ಹಿಡಿದು ನಿಂತಳು. ಪಕ್ಕದ ಅಂಗಡಿಯಲ್ಲಿ ಒಬ್ಬರು ಸೈಕಲ್ಲಿಗೆ ಗಾಳಿ ಹೊಡೆಸಿಕೊಂಡು ಹೋದರು. ಫೋನು ಬರಲಿಲ್ಲ. ಔಷಧಿ ಅಂಗಡಿಯವರು ಏನು ಬೇಕಮ್ಮ ಎಂದು ಕೇಳಿದರು, ಏನಿಲ್ಲ ಎಂದಳು. ಫೋನು ಬರಲಿಲ್ಲ. ಅವನು ಅಳದೇ ಇರುತ್ತಾನೆಯೇ? ತಾನು ಸ್ನಾನಕ್ಕೆ ಹೋದರೇ ಕಿರುಚಾಡುವವನು! ತಾನೇ ಕಾಲ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು, ಯಾರೂ ಎತ್ತಲಿಲ್ಲ. ಇನ್ನೊಂದು ಸಲ ಮಾಡಿದಳು, ಅದೂ ಹಾಗೆಯೇ. ಎರಡೆರಡು ಮೆಟ್ಟಿಲು ಹಾರಿ ಬಾಗಿಲು ನೂಕಿದಳು.

ಅತ್ತೆ ನೆಲದ ಮೇಲೆ ಕೂತಿದ್ದರು. ಗುಂಡ ಅಂಗಾತ ಮಲಗಿದ್ದ. ಅತ್ತೆಯ ಬಲಗೈಯ ನಾಲ್ಕು ಬೆರಳು ಅವನ ಹೊಟ್ಟೆಯ ಮೇಲೆ ಟಕಟಕ ಟೈಪ್ ಮಾಡುತ್ತಿದ್ದವು. ಒಂದು ಸಾಲು ಮುಗಿದಂತೆಲ್ಲ ಅವನು ಹಲ್ಲಿಲ್ಲದ ಬಾಯಿ ಅಗಲಿಸಿ ಕೇಕೆ ಹಾಕುತ್ತಿದ್ದ.

ಸೊಸೆ: ಅತ್ತೆ! ಅವನು ಅಳ್ಲಿಲ್ವಾ?

ಅತ್ತೆ: ಯಾಕಳ್ಲಿಲ್ಲ? ನೀನು ಬಾಗಿಲು ದಾಟಿದ್ದೇ ತಡ, ಸೂರು ಹಾರೋ ಹಾಗೆ ಅತ್ತ.

ಸೊಸೆ: ಮತ್ತೆ ಯಾಕೆ ಕರೀಲಿಲ್ಲ?

ಅತ್ತೆ: ಎತ್ಕೊಂಡಿದ್ನಲ್ಲೇ! ಮಗು ಅಳ್ತಿದ್ರೆ ಎರಡು ಕೈಯೂ ಅದರ ಹತ್ರ ಇರುತ್ತೆ. ನಿನ್ನ ಗಂಡನ ಟಚ್ಚಿಗೆ ಯಾವ ಕೈ ಕೊಡ್ಲಿ, ನನ್ನ ಬಟನ್ನಿಗೆ ಯಾವ ಕೈ ಕೊಡ್ಲಿ?

ಸೊಸೆ: ನಾನು ಮಾಡಿದ್ನಲ್ಲ, ಆಗ?

ಅತ್ತೆ: ಆಗ ತಾನೆ ಸುಮ್ನಾಗಿದ್ದ. ಅದು ಬಡ್ಕೊಂಡ ಕೂಡ್ಲೇ ಬೆಚ್ಚಿಬಿದ್ದ. ಒಂದು ಒತ್ತಿದೆ, ಬಾಯಿ ಮುಚ್ಕೊಂಡ್ತು. ಆ ಬಟನ್ ಮಾತ್ರ ಬಹಳ ಚೆನ್ನಾಗಿದೆ ಕಣೋ ಮಗನೇ.

ಗಂಡ: ನೋಡ್ದ್ಯಾ! ನನ್ನ ಕೆಲಸಕ್ಕೆ ಇವತ್ತು ಮೊದಲನೇ ಶಭಾಷು.

ಸೊಸೆ ಅಲ್ಲೇ ಗೋಡೆಗೊರಗಿ ಕುಸಿದು ಕೂತಳು. ಕಣ್ಣು ತುಂಬಿತ್ತು, ಸಿಟ್ಟಿಗೋ ಸಮಾಧಾನಕ್ಕೋ ಅವಳಿಗೇ ತಿಳಿಯಲಿಲ್ಲ.

ಸೊಸೆ: ಹಾಗಾದ್ರೆ ಅವನು ಅತ್ತಿದ್ದು ನನಗೆ ಹೇಗೆ ಗೊತ್ತಾಗ್ಬೇಕು ಅತ್ತೆ?

ಅತ್ತೆ: ಗೊತ್ತಾಗಿ ಏನ್ ಮಾಡ್ತೀಯ? ಅಲ್ಲಿಂದ ಬಸ್ ಹತ್ತಿ ನೀನು ಬರೋದ್ರೊಳಗೆ ಇವನು ಅತ್ತು, ನಕ್ಕು, ಉಚ್ಚೆ ಹೊಯ್ದು ಮಲಗಿರ್ತಾನೆ.

ಸೊಸೆ: ಜ್ವರ ಬಂದ್ರೆ?

ಅತ್ತೆ: ಅದಕ್ಕೆ ಕರೀತೀನಿ. ಕನ್ನಡಕ ಹಾಕ್ಕೊಂಡು, ನಿನ್ನ ಫೋಟೋ ಹುಡುಕಿ ಮುಟ್ಟಿ ಕರೀತೀನಿ, ಸರಿನಾ? ಬರೀ ಅಳುವಿಗೆ ಕರೆಯಲ್ಲ ಕಣಮ್ಮ. ನಗ್ತಾನಲ್ಲ, ಆಗ ನನಗೊಂದು ಕೈ ಬಿಡುವಿರುತ್ತೆ. ಆಗ ಒತ್ತುತೀನಿ.

ಸೊಸೆ ಮಗುವಿನ ಒಂದು ಪಾದ ಹಿಡಿದುಕೊಂಡು ಕೂತಳು. ಗಂಡನೇ ಫೋನು ಎತ್ತಿಕೊಂಡ.

ಗಂಡ: ಹಾಗಾದ್ರೆ ಹೀಗೆ ಮಾಡೋಣ. ಬಟನ್ ಒತ್ತಿದ್ರೆ ಕಾಲ್ ಬೇಡ, ಒಂದು ಖಾಲಿ ಮೆಸೇಜು ಹೋಗ್ಲಿ. ಅದು ಬಂದ್ರೆ ಗುಂಡ ನಗ್ತಿದಾನೆ ಅಂತ. ಫೋಟೋ ಮುಟ್ಟಿದ್ರೆ ಕಾಲ್. ಅದು ಬಂದ್ರೆ ಮಾತ್ರ ಗಾಬರಿ ಆಗು.

ಅತ್ತೆ: ನಗುವಿಗೆ ಬಟನ್ನು, ಗಾಬರಿಗೆ ಟಚ್ಚು. ನೀನು ಇಷ್ಟ ಪಡೋ ಟಚ್ಚು ಗಾಬರಿಗೇ ಸರಿ ಬಿಡು.

ಮರುದಿನ ಲ್ಯಾಬಿನಲ್ಲಿ ಬೆಳಗಿನಿಂದ ಸೊಸೆಯ ಕೋಟಿನ ಜೇಬು ಆಗಾಗ ಟಣ್ ಎನ್ನುತ್ತಲೇ ಇತ್ತು. ಕೈಗೆ ಗ್ಲೌಸ್ ಹಾಕಿಕೊಂಡು ರಕ್ತದ ಕೊಳವೆಗಳಿಗೆ ಚೀಟಿ ಅಂಟಿಸುತ್ತಿದ್ದ ಅವಳು ಅತ್ತ ನೋಡುತ್ತಲೂ ಇರಲಿಲ್ಲ. ಪಕ್ಕದ ಮೇಜಿನ ಗೆಳತಿ ತಡೆಯಲಾರದೆ ಬಾಯಿ ಬಿಟ್ಟಳು.

ಗೆಳತಿ: ಅಷ್ಟೊಂದು ಮೆಸೇಜ್ ಬರ್ತಿದೆ, ತೆಗೆದು ಓದ್ಬಾರ್ದೇನೇ?

ಸೊಸೆ: ಓದೋಕೇನಿದೆ? ಖಾಲಿ ಮೆಸೇಜು.

ಗೆಳತಿ: ಖಾಲಿ ಮೆಸೇಜಿಗೆ ಬಾಯಿ ಕಿವಿ ತನಕ ಹೋಗಿದೆಯಲ್ಲ!

ಮಧ್ಯಾಹ್ನದ ಹೊತ್ತಿಗೆ ಟಣ್ ನಿಂತಿತು. ಸೊಸೆ ಒಂದು ಚೀಟಿ ಅಂಟಿಸಿದಳು, ಜೇಬಿನ ಕಡೆ ನೋಡಿದಳು. ಇನ್ನೊಂದು ಅಂಟಿಸಿದಳು. ಇಷ್ಟು ಹೊತ್ತು ನಗದೇ ಇರುವಂಥದ್ದು ಏನಾಗಿದೆ? ಗ್ಲೌಸ್ ಕಿತ್ತು, ಕೈ ತೊಳೆದು, ಕಾರಿಡಾರಿಗೆ ಓಡಿ ಫೋನು ಹಚ್ಚಿದಳು.

ಸೊಸೆ: ಅತ್ತೆ! ಯಾಕೆ, ಆಗಿಂದ ನಗ್ಲೇ ಇಲ್ಲ ಅವನು?

ಅತ್ತೆ: ಮಲಗಿದ್ದ ಕಣೇ. ಹೂ ಎತ್ತಿಟ್ಟ ಹಾಗೆ ಮಲಗಿದ್ದ. ಈಗ ಎದ್ದ, ನಿನ್ನ ರಿಂಗಿಗೆ. ಸಂಜೆ ಬಂದ ಕೂಡ್ಲೇ ನಿನ್ನ ಫೋನನ್ನ ನಿನ್ನ ಗಂಡನ ಕೈಗೆ ಕೊಡು. ಅದರಲ್ಲಿ ಬಟನ್ನು, ಟಚ್ಚು ಎರಡನ್ನೂ ಕೀಳಿಸೋದಿದೆ.