ಟಾರ್ಚಪ್ಪ ನೋಡದ ನಡುಭಾಗ

ಇಪ್ಪತ್ತೆರಡು ವರ್ಷ ಒಂದೇ ಚಿತ್ರಮಂದಿರದಲ್ಲಿ ದುಡಿದರೂ ಟಾರ್ಚಪ್ಪ ಒಂದೇ ಒಂದು ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ. ಆವತ್ತಿನ ಅನಾಹುತಕ್ಕೆಲ್ಲ ಅದೇ ಮೂಲ.

ಕತ್ತಲಲ್ಲಿ ತಡವಾಗಿ ಬಂದವರಿಗೆ ಟಾರ್ಚು ಬಿಟ್ಟು ಸೀಟು ತೋರಿಸುವುದು ಅವನ ಕೆಲಸ. ಹೆಸರು ಬಂದದ್ದೂ ಅಲ್ಲಿಂದಲೇ. ಮೊದಲ ಇಪ್ಪತ್ತು ನಿಮಿಷ ಅವನು ಒಳಗಿರುತ್ತಿದ್ದ. ಆಮೇಲೆ ಸೈಕಲ್ ಸ್ಟ್ಯಾಂಡು ಕಾಯಬೇಕು, ಸೋಡಾ ಬಾಟಲಿ ಜೋಡಿಸಬೇಕು, ಮಧ್ಯಂತರ ಮುಗಿದ ಮೇಲೆ ಅವೇ ಬಾಟಲಿಗಳನ್ನು ಹೆಕ್ಕಬೇಕು. ಇನ್ನು ಹತ್ತು ನಿಮಿಷ ಉಳಿದಿದೆ ಅನ್ನುವಾಗ ಬಾಗಿಲು ತೆರೆಯಲು ಮತ್ತೆ ಒಳಗೆ ಬರುತ್ತಿದ್ದ. ಹೀಗಾಗಿ ಮೀನಿನಲ್ಲಿ ತಲೆ ಬಾಲ ಮಾತ್ರ ತಿಂದು ಬದುಕಿದವನ ಹಾಗೆ, ಇನ್ನೂರು ಸಿನಿಮಾಗಳ ಶುರು ಮತ್ತು ಕೊನೆ ಅವನಿಗೆ ಬಾಯಿಪಾಠ.

ಈಗ ನಡೆಯುತ್ತಿದ್ದ ಸಿನಿಮಾ ಮಾತ್ರ ಅವನ ನಿದ್ದೆ ಕೆಡಿಸಿತ್ತು. ಅದರ ನಾಯಕ ಅವನಂಥದ್ದೇ ಸಪ್ಪೆ ಮುಖದ, ನಡುವಯಸ್ಸಿನ ಗುಮಾಸ್ತ. ಒಂದು ದಿನ ತಪ್ಪು ರೈಲು ಹತ್ತಿಬಿಡುತ್ತಾನೆ. ಎದುರು ಸೀಟಿನ ಅಪರಿಚಿತೆ ಈ ಕೊಡೆ ಸ್ವಲ್ಪ ಹಿಡ್ಕೊಳ್ಳಿ ಅನ್ನುತ್ತಾಳೆ. ಅಲ್ಲಿಗೆ ಟಾರ್ಚಪ್ಪ ಸೈಕಲ್ ಸ್ಟ್ಯಾಂಡಿಗೆ ಹೋಗಬೇಕು. ಮರಳಿ ಬರುವಾಗ ಆ ಗುಮಾಸ್ತ ತನ್ನೂರಿನ ನಿಲ್ದಾಣದ ಗಡಿಯಾರದ ಕೆಳಗೆ ಕೊಡೆ ಬಿಚ್ಚಿ ನಿಂತಿರುತ್ತಾನೆ. ಸರಿಯಾಗಿ ಐದು ಗಂಟೆಗೆ ಅವಳು ಓಡಿ ಬಂದು ಕೊಡೆಯೊಳಗೆ ಸೇರಿಕೊಳ್ಳುತ್ತಾಳೆ. "ನಾನು ಹುಡುಕಿದ್ದು ನನ್ನನ್ನೇ, ಸಿಕ್ಕಿದ್ದು ಇಬ್ಬರೂ" ಅನ್ನುತ್ತಾನೆ ಗುಮಾಸ್ತ. ಪರದೆ ಬೀಳುತ್ತದೆ.

ಟಾರ್ಚಪ್ಪನಿಗೆ ನಲವತ್ತನಾಲ್ಕು. ಜೊತೆಗೆ ಯಾರೂ ಇರಲಿಲ್ಲ. ಲಕ್ಷಾಂತರ ಜನರನ್ನು ಯಾರದೋ ಪಕ್ಕದಲ್ಲಿ ಕೂರಿಸಿದವನ ಪಕ್ಕದ ಕುರ್ಚಿ ಖಾಲಿಯೇ ಉಳಿದಿತ್ತು. "ನಿನ್ನನ್ನ ಹುಡುಕೋಕೂ ಒಂದು ಟಾರ್ಚು ಬೇಕು ಕಣೋ" ಅನ್ನುತ್ತಿದ್ದಳು ಅವನ ಅಕ್ಕ.

ನಡುವೆ ಏನಾಗುತ್ತದೆಂದು ಅವನು ಆಪರೇಟರನನ್ನು ಕೇಳಿದ್ದುಂಟು. ಯಂತ್ರ ಓಡಿಸಿ ಪೇಪರು ಓದುತ್ತ ಕೂರುವ ಆ ಮಹಾಶಯ, ನಡುವೆ ಇನ್ನೇನಿರುತ್ತೆ, ಜನ ಎದ್ದು ಹೊರಗೆ ಹೋಗೋದೇ ಆವಾಗ, ಅಂದ. ಟಿಕೆಟಮ್ಮನೋ, ಮೂವತ್ತು ವರ್ಷದಿಂದ ಕಿಂಡಿಯ ಹಿಂದೆ ಟಿಕೆಟು ಹರಿಯುತ್ತಿದ್ದವಳು, ಒಳಗೆ ಕಾಲಿಟ್ಟವಳೇ ಅಲ್ಲ. ಶುರು ಗೊತ್ತಿದೆ, ಕೊನೆ ಗೊತ್ತಿದೆ, ನಡುವಿನದು ದೇವರಿಟ್ಟಂತೆ ಆಗುತ್ತೆ ಬಿಡು ಎಂದು ಅವಳು ತೀರ್ಪು ಕೊಟ್ಟಳು. ಟಾರ್ಚಪ್ಪನಿಗೂ ಅದು ನ್ಯಾಯವೆನಿಸಿತು.

ಚಿತ್ರಮಂದಿರ ಮಾರಾಟವಾಗಿತ್ತು. ಈ ಗುರುವಾರದ ಸಂಜೆ ಆಟವೇ ಕೊನೆಯದು. ಮರುದಿನದಿಂದ ಅದು ಪೀಠೋಪಕರಣಗಳ ಗೋದಾಮು. ಅಷ್ಟರೊಳಗೆ ತಾನೂ ಒಮ್ಮೆ ತಪ್ಪು ರೈಲು ಹತ್ತಿ ನೋಡಬೇಕೆಂದು ಟಾರ್ಚಪ್ಪ ನಿಶ್ಚಯಿಸಿದ. ಮಾಲೀಕರು ಆ ಗುರುವಾರ ಅವನಿಗೆ ರಜೆ ಕೊಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಕೇಳಿದ ಮೊದಲ ರಜೆ. ಇಲ್ಲವೆನ್ನಲು ಅವರಿಗೂ ನಾಚಿಕೆಯಾಗಿರಬೇಕು. ಆಪರೇಟರ್ ತನ್ನ ಕೋಟು ಕೊಟ್ಟ. ಅದು ಟಾರ್ಚಪ್ಪನ ಮೇಲೆ ಗೂಟಕ್ಕೆ ನೇತುಹಾಕಿದ ಹಾಗೆ ಕಂಡಿತು. ಟಿಕೆಟಮ್ಮ, ಸಿಕ್ಕಿದರೆ ಇಲ್ಲಿಗೇ ಕರ್ಕೊಂಡು ಬಾ, ನಾನೂ ಒಮ್ಮೆ ನೋಡ್ತೀನಿ ಎಂದಳು. ಅಭ್ಯಾಸಬಲದಿಂದ ಅವನು ಟಾರ್ಚನ್ನೂ ಕೋಟಿನ ಜೇಬಿಗೆ ಇಳಿಬಿಟ್ಟುಕೊಂಡ.

ಬೆಳಗ್ಗೆ ಆಕಾಶ ಒಗೆಯದ ಪರದೆಯಂತಿತ್ತು. ನಿಲ್ದಾಣದ ಕಿಂಡಿಯಲ್ಲಿ ಎಲ್ಲಿಗೆ ಅಂದಾಗ ಟಾರ್ಚಪ್ಪ ತಬ್ಬಿಬ್ಬಾದ. ತಪ್ಪು ರೈಲಿಗೆ ಟಿಕೆಟು ಕೇಳುವುದು ಹೇಗೆ? ಕೊನೆಗೆ ಸರಿಯಾದ ರೈಲಿಗೆ ಟಿಕೆಟು ಕೊಂಡು, ಎದುರಿನ ಪ್ಲಾಟ್‌ಫಾರಮ್ಮಿನ ರೈಲು ಹತ್ತಿದ.

ಎದುರು ಸೀಟಿನಲ್ಲಿ ಮೀಸೆಯ ಮುದುಕನೊಬ್ಬ ಬಾಯಿ ತೆರೆದು ಮಲಗಿದ್ದ. ಟಾರ್ಚಪ್ಪ ಜಾಗ ಬದಲಿಸಿದ. ಅಲ್ಲಿ ಎದುರಿಗೆ ಸಿಕ್ಕಿದ್ದು ಒಂದು ಟ್ರಂಕು. ಮೂರನೆಯ ಸಲ ಅವನಿಗೆ ಮೊದಲು ಕಂಡದ್ದು ಒಂದು ಜೊತೆ ಪಾದ. ಕತ್ತಲಲ್ಲಿ ಜನರ ಪಾದವನ್ನೇ ನೋಡಿ ಬದುಕಿದವನ ಕಣ್ಣು ಮುಖಕ್ಕೆ ಏರಲು ಹೊತ್ತು ಹಿಡಿಯುತ್ತದೆ. ಎಡಗಾಲಿನ ಚಪ್ಪಲಿಯ ಪಟ್ಟಿ ಕಿತ್ತಿತ್ತು. ಕಪ್ಪು ದಾರದಿಂದ ಅಚ್ಚುಕಟ್ಟಾಗಿ ಹೊಲಿದಿದ್ದರು. ಎಲ್ಲೋ ನೋಡಿದ ಚಪ್ಪಲಿ ಅನ್ನಿಸಿತು. ಆದರೆ ಚಪ್ಪಲಿಯ ಗುರುತು ಹೇಳಿ ಮಾತು ಶುರುಮಾಡುವ ಗಂಡಸನ್ನು ಯಾವ ಸಿನಿಮಾದಲ್ಲೂ ಅವನು ಕಂಡಿರಲಿಲ್ಲ. ಮೇಲೆ ನೋಡಿದ. ನಲವತ್ತರ ಹೆಂಗಸು, ದಣಿದ ಮುಖ, ಮಡಿಲಲ್ಲಿ ಕೊಡೆ.

ಅವಳು ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಏನೋ ನಿರ್ಧಾರ ಮಾಡಿದವಳಂತೆ, "ಈ ಕೊಡೆ ಸ್ವಲ್ಪ ಹಿಡ್ಕೊಳ್ಳಿ" ಅಂದಳು.

ಟಾರ್ಚಪ್ಪ ಎರಡೂ ಕೈ ಚಾಚಿ ಹಿಡಿದುಕೊಂಡ. ಅಷ್ಟರಲ್ಲಿ ಟಿಕೆಟು ತಪಾಸಣೆಯವರು ಬಂದು, ನೀವು ತಪ್ಪು ರೈಲು ಹತ್ತಿದ್ದೀರಿ ಎಂದರು.

"ಗೊತ್ತು ಸಾರ್."

"ಗೊತ್ತಿದ್ದೂ ಹತ್ತಿದ್ರಾ?"

"ಗೊತ್ತಿದ್ದೇ ಹತ್ತಿದ್ದು ಸಾರ್."

ಸಿನಿಮಾಗಳಲ್ಲಾದರೆ ಇಂಥ ಮಾತಿಗೆ ಇಡೀ ಬೋಗಿ ನಗುತ್ತದೆ. ಇಲ್ಲಿ ಪಕ್ಕದ ಮೂವರು ತಮ್ಮ ಚೀಲಗಳನ್ನು ಹತ್ತಿರ ಎಳೆದುಕೊಂಡರು. ತಪಾಸಣೆಯವರು ಅವನ ಮುಖವನ್ನೇ ದಿಟ್ಟಿಸಿ, ನನ್ನನ್ನ ಕಂಬದ ಹಿಂದೆ ಕೂರಿಸಿದವನು ನೀನೇ ಅಲ್ವಾ ಎಂದು ಏಳು ವರ್ಷದ ಹಳೆಯ ಗಾಯ ಕೆರೆದುಕೊಂಡರು. ಮೂರು ಗಂಟೆ ಕಾಲ ನಾಯಕಿಯ ಒಂದು ಕಿವಿ ಮಾತ್ರ ನೋಡಿದ್ದರಂತೆ. ಮುಂದಿನ ನಿಲ್ದಾಣದಲ್ಲಿ ಇಳಿಯಬೇಕು ಎಂದು ಆಜ್ಞೆಯಾಯಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡು ಟಾರ್ಚಪ್ಪ ಕೊಡೆ ಹಿಂದಿರುಗಿಸಿದ. ಅವಳು ತೆಗೆದುಕೊಳ್ಳಲಿಲ್ಲ. "ನಾನೂ ಇಲ್ಲೇ ಇಳೀತೀನಿ" ಅಂದಳು. ಅವಳು ಇಳಿಯುವಾಗ ಅವನ ಬಾಯಿಂದ ಅಭ್ಯಾಸದ ಮಾತು ಬಿತ್ತು: "ನೋಡ್ಕೊಂಡು, ಮೆಟ್ಟಿಲಿದೆ."

"ಗೊತ್ತು" ಎಂದು ಅವಳು ನಕ್ಕಳು.

ಆ ಊರು ತನ್ನನ್ನು ತಾನೇ ಮರೆತಂತಿತ್ತು. ಗ್ರಂಥಾಲಯಕ್ಕೆ ಬೀಗ, ಉದ್ಯಾನದ ಬೆಂಚಿಗೆ ಹಸಿ ಬಣ್ಣ, ಹನಿಯುವ ಮೋಡ. ಒಂದೇ ಕೊಡೆಯಲ್ಲಿ ಇಬ್ಬರೂ ನಡೆದರು. ಹೆಸರು, ಊರು ಕೇಳಬಾರದು, ಇವತ್ತೊಂದು ದಿನ ಹಾಗೇ ಇರೋಣ ಎಂದು ಅವಳು ಮೊದಲೇ ಷರತ್ತು ಹಾಕಿದಳು. ಹೆಸರು ಕೇಳಿದರೆ ಟಾರ್ಚಪ್ಪ ಎನ್ನಬೇಕಲ್ಲ ಎಂದು ಹೆದರಿದ್ದವನಿಗೆ ನೆಮ್ಮದಿಯಾಯಿತು. ಕತ್ತಲಲ್ಲಿ ಪಿಸುಗುಟ್ಟಿಯೇ ಬದುಕಿದ ಅವನ ದನಿ ಬಯಲಲ್ಲೂ ಏರಲಿಲ್ಲ.

"ಸ್ವಲ್ಪ ಜೋರಾಗಿ ಮಾತಾಡಿ" ಅಂದಳು ಅವಳು. "ಇಲ್ಲಿ ಯಾರೂ ಸಿನಿಮಾ ನೋಡ್ತಿಲ್ಲ."

ತಮಾಷೆಯಿರಬೇಕು ಎಂದು ಅವನು ನಕ್ಕ. ಆಮೇಲೆ ನಿಜಕ್ಕೂ ಜೋರಾಗಿ ಮಾತಾಡಿದ. ಸತ್ತ ಅಮ್ಮನ ಬಗ್ಗೆ, ಬೆಳಕು ಕಂಡರೆ ಕಣ್ಣು ಕಿರಿದಾಗುವ ಬಗ್ಗೆ, ಚಿಕ್ಕವನಿದ್ದಾಗ ನಕ್ಷೆ ಬರೆಯುವ ಆಸೆಯಿದ್ದ ಬಗ್ಗೆ. ಆ ಆಸೆ ತನಗಿತ್ತೆಂಬುದೇ ಅವನಿಗೆ ಮರೆತುಹೋಗಿತ್ತು. ಗಡಿಯಾರ ರಿಪೇರಿಯ ಅಂಗಡಿಯೆದುರು ಅವಳು ನಿಂತಳು. ಒಳಗೆ ಮೂವತ್ತು ಗಡಿಯಾರ, ಮೂವತ್ತು ಹೊತ್ತು. ನಿಮಗೆ ಬೇಕಾದ ಸಮಯ ಆರಿಸ್ಕೊಳ್ಳಿ ಅಂದಳು. ಅವನು ಐದು ಗಂಟೆ ತೋರಿಸುತ್ತಿದ್ದುದನ್ನು ಬೆರಳು ಮಾಡಿ ತೋರಿಸಿದ.

ಎರಡೂವರೆಗೆ ಇಬ್ಬರೂ ಬಸ್ ನಿಲ್ದಾಣದಲ್ಲಿದ್ದರು. ಇದ್ದಕ್ಕಿದ್ದಂತೆ ಅವಳ ಮುಖ ಬದಲಾಯಿತು. "ಸಾಕು. ಇಂಥದ್ದೆಲ್ಲ ನನಗೆ ಬರೆದಿಲ್ಲ. ನಾನು ಹೋಗ್ತೀನಿ, ನನ್ನ ಹಿಂದೆ ಬರಬೇಡಿ" ಎಂದವಳ ಕಣ್ಣು ತುಂಬಿತ್ತು. ಹೊರಟಿದ್ದ ಬಸ್ಸನ್ನು ಹತ್ತಿ ಹಿಂದಿನ ಸೀಟಿಗೆ ಹೋಗಿಬಿಟ್ಟಳು.

ಬೇರೆ ಯಾರಾದರೂ ಕಂಗಾಲಾಗುತ್ತಿದ್ದರು. ಟಾರ್ಚಪ್ಪ ಆಗಲಿಲ್ಲ. ಕೊನೆ ಗೊತ್ತಿದ್ದವನಿಗೆ ಆತಂಕವೆಲ್ಲಿಯದು? ಕೊಡೆ ಅವನ ಕೈಯಲ್ಲೇ ಉಳಿದಿದೆ. ಐದಕ್ಕೆ ಗಡಿಯಾರದ ಕೆಳಗೆ ಬಿಚ್ಚಿ ನಿಂತರಾಯಿತು. ಬರಬೇಡಿ ಅಂದರೆ ಬರಬಾರದು, ಮರ್ಯಾದೆ. ಅವನು ಜೇಬಿನಿಂದ ಟಾರ್ಚು ತೆಗೆದು, ಆಟ ಮುಗಿದು ಹೋಗುವವರಿಗೆ ದಾರಿ ತೋರಿಸುವಂತೆ, ಮುಗುಳ್ನಗುತ್ತ ಎರಡು ಸಲ ಬೀಸಿದ. ಬಸ್ಸು ತಿರುವಿನಲ್ಲಿ ಮರೆಯಾಯಿತು.

ನಾಲ್ಕೂವರೆಗೆಲ್ಲ ಅವನು ತನ್ನೂರಿನ ನಿಲ್ದಾಣದ ಗಡಿಯಾರದ ಕೆಳಗೆ ಕೊಡೆ ಬಿಚ್ಚಿ ನಿಂತ. ಚಾವಣಿಯ ಕೆಳಗೆ ಕೊಡೆ ಹಿಡಿದವನನ್ನು ಜನ ಸುತ್ತುಬಳಸಿ ದಾಟಿದರು. ಐದಾಯಿತು. ಐದೂಕಾಲಾಯಿತು. ಗಡಿಯಾರ ನೋಡಿಕೊಳ್ಳುವವನೆಂದು ತಿಳಿದು ಮುದುಕರೊಬ್ಬರು, ಇದು ನಾಲ್ಕು ನಿಮಿಷ ಹಿಂದಿದೆ, ಸರ್ಕಾರ ನಿಮಗೆ ಸಂಬಳ ಯಾಕೆ ಕೊಡುತ್ತೆ ಎಂದು ಗದರಿದರು. ಟಾರ್ಚಪ್ಪ ಕ್ಷಮೆ ಕೇಳಿದ. ನಾಲ್ಕು ನಿಮಿಷದಲ್ಲಿ ಏನಾದರೂ ತಪ್ಪಿಹೋಗಿರಬಹುದೇ ಎಂದು ಅವನಿಗೂ ಅನುಮಾನ.

ಆರಕ್ಕೆ ಆಪರೇಟರ್ ಸೈಕಲ್ಲಿನಲ್ಲಿ ಹುಡುಕಿಕೊಂಡು ಬಂದ. ಒಂಟಿ ಕೊಡೆ ನೋಡಿ ಸೈಕಲ್ ತಿರುಗಿಸಿದ. "ಬಾರಪ್ಪ. ಕೊನೇ ಆಟ. ಇವತ್ತಾದ್ರೂ ನಡುಭಾಗ ನೋಡು. ನನ್ನ ಕೋಣೆ ಕಿಂಡೀಲಿ ಸ್ಟೂಲು ಹಾಕ್ತೀನಿ."

ಹಿಂದಿನ ಮೆಟ್ಟಿಲಿನಿಂದ ಇಬ್ಬರೂ ಮೇಲೆ ಹೋದರು. ಕೆಳಗೆ ಮೂವತ್ತು ಜನರಿದ್ದರೆ ಹೆಚ್ಚು. ಟಾರ್ಚು ಹಿಡಿಯುವವರಿಲ್ಲದೆ ಬಾಗಿಲ ಬಳಿ ಕತ್ತಲು ನಿಂತಿತ್ತು.

ಪರದೆಯ ಮೇಲೆ ಕೊಡೆ ಕೈ ಬದಲಾಯಿಸಿತು. ಟಾರ್ಚಪ್ಪ ಜೀವಮಾನದಲ್ಲಿ ಮೊದಲ ಬಾರಿಗೆ ಮುಂದೇನು ಎಂದು ಕಾದ. ಮುಂದೆ, ನಾಯಕನನ್ನು ರೈಲಿನಿಂದ ಇಳಿಸಿದರು. ನಾಯಕಿ "ನಾನೂ ಇಲ್ಲೇ ಇಳೀತೀನಿ" ಅಂದಳು. ಹೆಸರು ಕೇಳಬಾರದು ಅಂದಳು. ಗಡಿಯಾರದ ಅಂಗಡಿ ಬಂತು, ಸಮಯ ಆರಿಸಿಕೊಳ್ಳಿ ಎಂದಳು. ಟಾರ್ಚಪ್ಪ ಸ್ಟೂಲಿನಿಂದ ಎದ್ದು ಕಿಂಡಿಗೆ ಮುಖವಿಟ್ಟ. ಬಸ್ ನಿಲ್ದಾಣ ಬಂತು. "ಸಾಕು. ಇಂಥದ್ದೆಲ್ಲ ನನಗೆ ಬರೆದಿಲ್ಲ. ನನ್ನ ಹಿಂದೆ ಬರಬೇಡಿ."

ಬಸ್ಸು ಹೊರಟಿತು. ಹಿಂದಿನ ಗಾಜಿಗೆ ಮುಖವೊತ್ತಿ ನಾಯಕಿ ನೋಡುತ್ತಿದ್ದಳು. ನಾಯಕ ಓಡಿದ. ಎಡವಿ ಬಿದ್ದ, ಎದ್ದ, ಒಂದು ಚಪ್ಪಲಿ ಬಿಟ್ಟು ಓಡಿದ. ಕೋಳಿಗಳು ಚದುರಿದವು, ಪೊಲೀಸಿನವನು ಕೂಗಿದ, ಅವನು ಓಡಿದ. ಆಪರೇಟರನ ಲೆಕ್ಕದಲ್ಲಿ ಆ ಓಟ ಸರಿಯಾಗಿ ಮೂರು ನಿಮಿಷ. "ಐದು ಗಂಟೆಗೆ, ಗಡಿಯಾರದ ಕೆಳಗೆ" ಎಂದು ಕಿರುಚಿದ ಮೇಲೆಯೇ ಅವನು ನಿಂತದ್ದು. ಮಧ್ಯಂತರ.

ಹಿಂದಿನ ಗಾಜು. ಟಾರ್ಚಪ್ಪನಿಗೆ ನೆನಪಾಯಿತು, ಅಲ್ಲೂ ಒಂದು ಮುಖವಿತ್ತು. ತಾನು ಟಾರ್ಚು ಬೀಸಿ ಬೀಳ್ಕೊಟ್ಟಿದ್ದ.

ಅವನು ಕೊಡೆಯೊಂದಿಗೆ ಮೆಟ್ಟಿಲು ಇಳಿದು ಬಂದಾಗ ಟಿಕೆಟಮ್ಮ ಕಿಂಡಿ ಮುಚ್ಚುತ್ತಿದ್ದವಳು ಬೆಚ್ಚಿಬಿದ್ದಳು. "ಅಯ್ಯೋ, ನೀನಿಲ್ಲೇ ಇದ್ಯಾ? ಆ ಶನಿವಾರದವಳು ಬಂದಿದ್ಲಲ್ಲೋ."

ಯಾವ ಶನಿವಾರದವಳು ಎಂದ ಟಾರ್ಚಪ್ಪ.

"ಪ್ರತಿ ಶನಿವಾರ ಲೇಟಾಗಿ ಬರ್ತಾಳಲ್ಲ, ಮೂಲೆ ಸೀಟು, ಇದೇ ಸಿನಿಮಾಗೆ ಏಳನೇ ಸಲ. ಚಪ್ಪಲಿಗೆ ಕಪ್ಪು ದಾರ. ಇವತ್ತು ಇನ್ನೂ ಲೇಟಾಗಿ ಬಂದು, ಟಿಕೆಟ್ ತಗೊಂಡು ಬಾಗಿಲಲ್ಲೇ ಕತ್ತಲಲ್ಲಿ ನಿಂತ್ಲು. ಹತ್ತು ನಿಮಿಷ ಆದ್ಮೇಲೆ ಬಂದು, ಟಾರ್ಚಿನವರು ಇಲ್ವಾ ಅಂದ್ಲು."

"ನೀನೇನಂದೆ?"

ಟಿಕೆಟಮ್ಮನ ಮುಖದಲ್ಲಿ ಹೆಮ್ಮೆ ಇನ್ನೂ ಆರಿರಲಿಲ್ಲ. "ನಿನ್ನ ಮರ್ಯಾದೆ ಬಿಡ್ತೀನಾ? ಅವನು ಜೊತೆಗಾತಿ ಹುಡುಕ್ಕೊಂಡು ರೈಲು ಹತ್ತಿದ್ದಾನೆ, ಇಷ್ಟೊತ್ತಾದ್ರೂ ಬಂದಿಲ್ಲ ಅಂದ್ರೆ ಸಿಕ್ಕಿರ್ಬೇಕು, ಅಂದೆ. ನಾಳೆಯಿಂದ ಇದು ಗೋದಾಮು, ಇನ್ನು ಬರಬೇಡಮ್ಮ ಅಂತಾನೂ ಹೇಳಿದೆ. ಸಂತೋಷ ಅಂದು ಹೊರಟುಹೋದ್ಲು. ಈಗ ತಾನೇ, ಬಸ್ ಸ್ಟಾಪ್ ಕಡೆ."

ಟಾರ್ಚಪ್ಪ ಓಡಿದ. ಗೂಟದ ಮೇಲಿನ ಕೋಟು ಹಾರಾಡಿತು. ಬಸ್ಸೊಂದು ಆಗಷ್ಟೇ ಹೊರಟಿತ್ತು. ಅದರ ಕೆಂಪು ದೀಪಗಳ ಹಿಂದೆ ಟಾರ್ಚು ಹಾಯಿಸುತ್ತ, ಕೊಡೆ ಎತ್ತಿ ಹಿಡಿದು, ಎಡವಿ, ಎದ್ದು, ಒಂದು ಚಪ್ಪಲಿ ಬಿಟ್ಟು ಓಡಿದ. ಪಿಸುಮಾತಿನ ಗಂಟಲಿನಿಂದ ಕೂಗಿದ. ಬೀದಿಯ ಅರ್ಧ ಜನಕ್ಕಾದರೂ ಕೇಳಿಸಿತು. ಮೂರು ನಿಮಿಷ ಓಡಿರಬೇಕು. ನಾಯಕನಿಗೆ ನಿಲ್ಲದ ಬಸ್ಸು ಅವನಿಗೆ ನಿಂತಿತು.

ಬಾಗಿಲಲ್ಲಿ ಕಂಡಕ್ಟರ್ ಬಗ್ಗಿ ಕೈ ಕೊಟ್ಟ. ಟಾರ್ಚಪ್ಪ ಹತ್ತಿ ನೇರ ಹಿಂದಿನ ಸೀಟಿಗೆ ಟಾರ್ಚು ಬಿಟ್ಟ. ಯಾರೂ ಇರಲಿಲ್ಲ. ಮುಂದಿನ ಸಾಲಿಗೆ ಬಿಟ್ಟ. ಒಂದೊಂದೇ ಸಾಲು ತೋರಿಸಿದ. ಅಷ್ಟೂ ಸೀಟು ಖಾಲಿ.

"ಇದು ಡಿಪೋಗೆ ಹೋಗೋ ಬಸ್ಸು ಯಜಮಾನ್ರೇ" ಎಂದ ಕಂಡಕ್ಟರ್, ಕರುಣೆಯಿಂದಲೇ. "ಜನಾನೆಲ್ಲ ಹತ್ತಿಸ್ಕೊಂಡಿದ್ದು ಇದಕ್ಕೂ ಮುಂಚೆ ಹೋದ ಬಸ್ಸು. ನೀವು ತಪ್ಪು ಬಸ್ಸು ಹತ್ತಿದ್ದೀರಿ."

ಟಾರ್ಚಪ್ಪ ತಲೆಯಾಡಿಸಿದ. ಈ ಸಲ ಅವನಿಗೆ ಅದು ನಿಜಕ್ಕೂ ಗೊತ್ತಿರಲಿಲ್ಲ. ಕೊಡೆ ಮಡಚಿ, ಬರಿಗಾಲನ್ನು ಇನ್ನೊಂದು ಕಾಲಿನ ಹಿಂದೆ ಅಡಗಿಸಿಕೊಂಡು ಬಾಗಿಲಿನತ್ತ ನಡೆದ.

"ನೋಡ್ಕೊಂಡು" ಎಂದ ಕಂಡಕ್ಟರ್ ಹಿಂದಿನಿಂದ. "ಮೆಟ್ಟಿಲಿದೆ."