ಎಂಬತ್ನಾಲ್ಕು ಡಿಗ್ರಿಯ ಸ್ವಾಗತ

"ಈ ಸಲ ನಿಮ್ಮಮ್ಮನ ಬಾಯಲ್ಲಿ ಭೇಷ್ ಅನ್ನಿಸದಿದ್ರೆ ನಾನು ಪ್ರೋಗ್ರಾಮರೇ ಅಲ್ಲ!" ಎಂದು ಅಳಿಯ ಮಹಾಶಯ ಹೆಂಡತಿಯ ಮುಂದೆ ಘೋಷಿಸಿದ. ಮದುವೆಯಾಗಿ ಹನ್ನೊಂದು ವರ್ಷವಾದರೂ ಅತ್ತೆ ಅವನನ್ನು ಹೊಗಳಿದ ದಾಖಲೆ ಎಲ್ಲೂ ಇರಲಿಲ್ಲ, ಪಾಪ! ಕಾಲು ಮುರಿದುಕೊಂಡಿದ್ದ ಆಕೆ ಎರಡು ದಿನ ಬಿಟ್ಟು ಆಸ್ಪತ್ರೆಯಿಂದ ವೀಲ್‌ಚೇರಿನಲ್ಲಿ ಮಗಳ ಮನೆಗೆ ಬರುವವರಿದ್ದರು. ಬಾಗಿಲಲ್ಲಿ ಮೂರು ಮೆಟ್ಟಿಲು. ಕುರ್ಚಿ ಹತ್ತಿಸಲು ಇಳಿಜಾರು ಬೇಕಿತ್ತು.

"ಒಂದು ಹಲಗೆ ಇಟ್ಟು ನೋಡಿದ್ರಾಯ್ತಲ್ಲ?" ಎಂದಳು ಹೆಂಡತಿ.

"ಹಲಗೆಯಂತೆ ಹಲಗೆ! ಇದು ಗಣಿತ ಕಣೇ! ಎತ್ತರ ನಲವತ್ತು ಸೆಂಟಿಮೀಟರ್, ಉದ್ದ ಮುನ್ನೂರ ಅರವತ್ತು. ಸ್ಕ್ರಿಪ್ಟಲ್ಲಿ ಟ್ಯಾನ್ ಇನ್ವರ್ಸ್ ಹಾಕಿದ್ರೆ ಕೋನ ತಾನಾಗೇ ಬಂದು ಕಾಲಿಗೆ ಬೀಳತ್ತೆ."

ಹಾಕಿದ. 1.46 ಬಂತು. ಅಳಿಯ ಗಹಗಹಿಸಿ ನಕ್ಕ. "ನೋಡಿದ್ಯಾ? ಇದು ರೇಡಿಯನ್! ಡಿಗ್ರಿ ಅಂದ್ಕೊಂಡು ಎಂತೆಂಥ ಘಟಾನುಘಟಿಗಳು ಈ ಹೊಂಡಕ್ಕೆ ಬಿದ್ದಿದ್ದಾರೆ ಗೊತ್ತಾ? ನಾನು ಬೀಳಲ್ಲ!"

ಡಿಗ್ರಿಗೆ ಬದಲಾಯಿಸಿದ. 83.66. ಹೊಂಡ ತಪ್ಪಿಸಿಕೊಂಡ ಸಂಭ್ರಮದಲ್ಲಿ ನೆಟ್ಟಗೆ ಬಾವಿಗೇ ಬಿದ್ದಿದ್ದು ಅವನಿಗೆ ಗೊತ್ತಾಗಲೇ ಇಲ್ಲ. ಆ ಫಂಕ್ಷನ್‌ಗೆ ಎತ್ತರ ಮೊದಲು, ಉದ್ದ ಆಮೇಲೆ ಕೊಡಬೇಕು. ಪುಣ್ಯಾತ್ಮ ಉಲ್ಟಾ ಕೊಟ್ಟಿದ್ದ; ಆರು ಡಿಗ್ರಿ ಬರಬೇಕಾದಲ್ಲಿ ಎಂಬತ್ನಾಲ್ಕು ಬಂದಿತ್ತು!

ಅಳಿಯ ಕೋನ, ಅಳತೆ ಬರೆದುಕೊಟ್ಟ ಕಾಗದ ನೋಡಿ, ಇಳಿಜಾರು ಮಾಡಿಕೊಡಲು ಒಪ್ಪಿದ್ದ ವೆಲ್ಡರ್ ತಲೆ ಕೆರೆದುಕೊಂಡ. "ಸಾರ್, ಇದು ಸ್ವಲ್ಪ..."

"ನಿಮ್ಮ ಅಂದಾಜೆಲ್ಲ ಬೇಡ. ಕಂಪ್ಯೂಟರ್ ಹೇಳಿದ ಹಾಗೆ ಮಾಡಿ ಸಾಕು!"

ನನಗ್ಯಾಕೆ ಊರ ಉಸಾಬರಿ ಎಂದು ವೆಲ್ಡರ್ ಹಾಗೇ ಮಾಡಿದ. ಗಂಡ ಹೆಂಡತಿ ಅತ್ತೆಯನ್ನು ಕರೆತರಲು ಹೋಗಿದ್ದಾಗ ತಂದು, ಬೋಲ್ಟ್ ಹಾಕಿ ಬಿಗಿದೂ ಬಿಟ್ಟ.

ಕಾರು ಬಂದು ಗೇಟಿನೆದುರು ನಿಂತಿತು. ಹನ್ನೆರಡಡಿಯ ಕಬ್ಬಿಣದ ಹಾಳೆಯೊಂದು ಇಡೀ ಬಾಗಿಲನ್ನು ಮುಚ್ಚಿಕೊಂಡು ಸೆಟೆದು ನಿಂತಿತ್ತು!

"ರೀ, ಏನ್ರೀ ಇದು?" ಹೆಂಡತಿ ಕಿರುಚಿದಳು.

"ಸಾರ್ ಹೇಳಿದ ಹಾಗೇ ಮೇಡಂ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ," ಎಂದ ವೆಲ್ಡರ್ ಹೆಮ್ಮೆಯಿಂದ. "ಆನೆ ಬಂದ್ರೂ ಅಲ್ಲಾಡಲ್ಲ!"

ಅಳಿಯ ಹಲ್ಲು ಕಿರಿದ. "ಅದೂ... ಅತ್ತೆ... ಎತ್ತರ, ಉದ್ದ ಸ್ವಲ್ಪ ಆಕಡೆ ಈಕಡೆ..."

ಅತ್ತೆ ವೀಲ್‌ಚೇರಿನಲ್ಲಿ ಕೂತೇ ಅದನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ನೋಡಿದರು. ಆಮೇಲೆ ಅಳಿಯನತ್ತ ತಿರುಗಿದರು.

"ಅಲ್ಲಪ್ಪಾ, ನಾನು ಬರೋದು ಇಷ್ಟ ಇಲ್ಲ ಅಂತ ಬಾಯಲ್ಲಿ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ!"